ಹಗುರ ಚಕ್ರ ಕೊಳ್ಳುವ ಮುನ್ನ

ಒಂದು ಬಳೆ, ಒಂದು ಕೇರಂ ಸ್ಟ್ರೈಕರ್, ನಾಲ್ಕು ದಪ್ಪ ಪುಸ್ತಕ, ಒಂದು ಉದ್ದನೆಯ ಹಲಗೆ. ಇಷ್ಟಿದ್ದರೆ ಪ್ರಯೋಗಶಾಲೆ ಸಿದ್ಧ. ಹಲಗೆಯ ಒಂದು ತುದಿಯನ್ನು ಪುಸ್ತಕಗಳ ಮೇಲಿಟ್ಟು ಇಳಿಜಾರು ಮಾಡಿ. ಮೇಲ್ತುದಿಯಲ್ಲಿ ಸ್ಕೇಲನ್ನು ಅಡ್ಡ ಹಿಡಿದು, ಬಳೆ ಮತ್ತು ಸ್ಟ್ರೈಕರ್ ಎರಡನ್ನೂ ಅಂಚಿನ ಮೇಲೆ ನಿಲ್ಲಿಸಿ ಅದಕ್ಕೆ ಒರಗಿಸಿ. ಈಗ ಸ್ಕೇಲನ್ನು ಥಟ್ಟನೆ ಎತ್ತಿ. ನೆಟ್ಟಗೆ ಉರುಳಿದರೆ ಪ್ರತಿ ಸಲವೂ ಗೆಲ್ಲುವುದು ಸ್ಟ್ರೈಕರ್. ದಪ್ಪ ಬಳೆ, ತೆಳು ಬಳೆ, ಅಮ್ಮನ ಬಳೆ, ಪುಟ್ಟ ತಂಗಿಯ ಬಳೆ, ಯಾವುದನ್ನಿಟ್ಟರೂ ಫಲಿತಾಂಶ ಬದಲಾಗದು.

ಇದೇನು ವಿಚಿತ್ರ? ಮೇಲಿನಿಂದ ಬಿಟ್ಟ ವಸ್ತುಗಳೆಲ್ಲ, ಗಾಳಿಯ ತಡೆ ಇಲ್ಲದಿದ್ದರೆ, ಒಂದೇ ವೇಗದಲ್ಲಿ ಬೀಳುತ್ತವೆ ಎಂದು ಗೆಲಿಲಿಯೊನ ಕಾಲದಿಂದಲೂ ಪಾಠ ಹೇಳುತ್ತಾರಲ್ಲ? ಹೌದು, ಆದರೆ ಇಲ್ಲಿ ವಸ್ತು ಬೀಳುತ್ತಿಲ್ಲ, ಉರುಳುತ್ತಿದೆ. ಉರುಳುವ ವಸ್ತುವಿಗೆ ಎರಡು ಕೆಲಸ. ಮುಂದಕ್ಕೂ ಹೋಗಬೇಕು, ತನ್ನ ಸುತ್ತ ತಾನೂ ತಿರುಗಬೇಕು. ಬಳೆಯಲ್ಲಿ ಇರುವ ದ್ರವ್ಯವೆಲ್ಲ ಅಂಚಿನಲ್ಲೇ ಇದೆ. ಅಂಚು ಕೇಂದ್ರದ ಸುತ್ತ ತಿರುಗುವ ವೇಗವೂ ಬಳೆ ಮುಂದೆ ಸಾಗುವ ವೇಗವೂ ಒಂದೇ. ಆದ್ದರಿಂದ ಮುಂದೆ ಸಾಗಲು ಎಷ್ಟು ಚಲನಶಕ್ತಿ ಬೇಕೋ ತಿರುಗಲೂ ಅಷ್ಟೇ ಬೇಕು. ಸ್ಟ್ರೈಕರಿನಲ್ಲಿ ದ್ರವ್ಯ ಕೇಂದ್ರದವರೆಗೂ ಹರಡಿದೆ. ಅದಕ್ಕೆ ತಿರುಗಲು ಬೇಕಾಗುವುದು ಅದರ ಅರ್ಧದಷ್ಟು ಮಾತ್ರ. ಸ್ಟ್ರೈಕರ್ ಕೆಳಗೆ ಬರಲು 1 ಸೆಕೆಂಡು ತೆಗೆದುಕೊಂಡರೆ ಬಳೆಗೆ ಸುಮಾರು 1.15 ಸೆಕೆಂಡು ಬೇಕು.

ಕಾರಿನ ಚಕ್ರಕ್ಕೂ ಇದೇ ನಿಯಮ. ಸ್ಪೋರ್ಟ್ಸ್ ಕಾರಿನ ಮಾಲೀಕರು ಹಗುರವಾದ ಚಕ್ರಗಳಿಗಾಗಿ ಹಂಬಲಿಸುವುದರ ಹಿಂದೆ ಇರುವುದು ಈ ಬಳೆಯ ಪಾಠವೇ. ಆದರೆ ಅಂಗಡಿಯವರ ಮಾತಿನಲ್ಲಿ ಈ ಪಾಠ ಹಿಗ್ಗಿ ಹಿಗ್ಗಿ, 'ಚಕ್ರದಲ್ಲಿ 1 ಕೆ.ಜಿ. ಕಡಿಮೆ ಮಾಡಿದರೆ ಕಾರಿನಲ್ಲಿ 5 ಕೆ.ಜಿ. ಇಳಿಸಿದಂತೆ, 10 ಕೆ.ಜಿ. ಇಳಿಸಿದಂತೆ' ಎನ್ನುವವರೆಗೂ ಬೆಳೆಯುವುದುಂಟು. ಇಲ್ಲಿ ವಿದ್ಯಾರ್ಥಿಗಳು ಬಳೆಯನ್ನು ನೆನಪಿಸಿಕೊಳ್ಳಬೇಕು. ದ್ರವ್ಯವೆಲ್ಲ ಹೊರ ಅಂಚಿನಲ್ಲಿದ್ದಾಗಲೂ ಲೆಕ್ಕ ಎರಡು ಪಟ್ಟನ್ನು ದಾಟುವುದಿಲ್ಲ. ಕಾರಿನ ವೇಗ ಹೆಚ್ಚಿಸುವ ಮಾತಿನಲ್ಲಿ ಎರಡಕ್ಕಿಂತ ದೊಡ್ಡ ಸಂಖ್ಯೆಯನ್ನು ಯಾರು ಹೇಳಿದರೂ ಅದು ಭೌತಶಾಸ್ತ್ರವಲ್ಲ, ವ್ಯಾಪಾರ.

ಒಂದು ಪುಟ್ಟ ಕಾರಿನ ಉದಾಹರಣೆ

ಲೆಕ್ಕ ಹಾಕಲು ಒಂದು ನಿಜವಾದ ಕಾರನ್ನೇ ತೆಗೆದುಕೊಳ್ಳಬಹುದು. ಜಪಾನಿನ ಹಿರೋಷಿಮಾದ ಮಜ್ದಾ ಕಂಪನಿ 1989ರ ಫೆಬ್ರುವರಿಯಲ್ಲಿ ಅಮೆರಿಕದ ಷಿಕಾಗೊ ವಾಹನ ಪ್ರದರ್ಶನದಲ್ಲಿ ಎರಡೇ ಸೀಟಿನ, ಮೇಲ್ಛಾವಣಿ ಮಡಚಬಲ್ಲ ಪುಟ್ಟ ಕಾರೊಂದನ್ನು ತೋರಿಸಿತು. ಅದರ ಹೆಸರು ಎಂಎಕ್ಸ್-5. ಅಮೆರಿಕದಲ್ಲಿ ಅದನ್ನು ಮಿಯಾಟಾ ಎಂದು ಕರೆದರು. 1.6 ಲೀಟರಿನ ಸಾಧಾರಣ ಎಂಜಿನ್. ತೂಕ ಸುಮಾರು 950 ಕೆ.ಜಿ. ಶಕ್ತಿ ಹೆಚ್ಚಿಸುವುದರ ಬದಲು ತೂಕ ಇಳಿಸುವುದು ಅದರ ಎಂಜಿನಿಯರುಗಳ ಹಾದಿ. ಕುದುರೆಯೂ ಸವಾರನೂ ಒಂದೇ ಆಗಬೇಕು ಎಂಬ ಜಪಾನೀ ಮಾತನ್ನು ಅವರು ಗುರಿಯಾಗಿ ಇಟ್ಟುಕೊಂಡಿದ್ದರು. 2016ರ ಏಪ್ರಿಲ್ ಹೊತ್ತಿಗೆ ಈ ಹೆಸರಿನ 10 ಲಕ್ಷ ಕಾರುಗಳು ತಯಾರಾಗಿದ್ದವು. ಹಳೆಯ ಎಂಎಕ್ಸ್-5 ಕೊಂಡು ತಮ್ಮ ಕೈಯಾರೆ ದುರಸ್ತಿ ಮಾಡಿಕೊಳ್ಳುವ ಹವ್ಯಾಸಿಗಳು ಅಮೆರಿಕ, ಇಂಗ್ಲೆಂಡ್, ಜಪಾನ್‌ಗಳಲ್ಲಿ ಬಹಳ. ಹಣ ಕಡಿಮೆ, ಆಸೆ ಹೆಚ್ಚು. 'ಅಗ್ಗದ ಹಗುರ ಚಕ್ರ ಯಾವುದು?' ಎಂಬುದು ಅವರ ನಡುವೆ ಎಂದೂ ಮುಗಿಯದ ಚರ್ಚೆ.

ಈ ಕಾರಿನಲ್ಲಿ ಚಾಲಕನನ್ನೂ ಸೇರಿಸಿದರೆ ಒಟ್ಟು ಸುಮಾರು 1,000 ಕೆ.ಜಿ. ಎಂದು ಹಿಡಿಯಬಹುದು. ಒಂದೊಂದು ಚಕ್ರದಲ್ಲಿ 2 ಕೆ.ಜಿ. ಉಳಿಸಿದರೆ ನಾಲ್ಕರಿಂದ 8 ಕೆ.ಜಿ. ಲೋಹದ ಚಕ್ರದ ದ್ರವ್ಯ ಟೈರಿನ ಒಳಗಡೆ, ಕೇಂದ್ರಕ್ಕೆ ಹತ್ತಿರ ಇರುವುದರಿಂದ ಅದರ ಲೆಕ್ಕ ಎರಡು ಪಟ್ಟು ಆಗುವುದಿಲ್ಲ, ಸುಮಾರು 1.3ರಿಂದ 1.4 ಪಟ್ಟು ಆಗುತ್ತದೆ. ಅಂದರೆ 8 ಕೆ.ಜಿ. ಉಳಿಸಿದ್ದು 11 ಕೆ.ಜಿ. ಉಳಿಸಿದಂತೆ. ಸಾವಿರ ಕೆ.ಜಿ.ಯಲ್ಲಿ 11 ಎಂದರೆ ನೂರಕ್ಕೆ ಒಂದು ಪಾಲು. ನಿಂತ ಕಾರು ಗಂಟೆಗೆ 100 ಕಿ.ಮೀ. ವೇಗ ಮುಟ್ಟಲು 10 ಸೆಕೆಂಡು ಬೇಕೆಂದು ಇಟ್ಟುಕೊಂಡರೆ, ಇನ್ನು ಮೇಲೆ 9.9 ಸೆಕೆಂಡು ಸಾಕು. ಒಂದು ಸಲ ರೆಪ್ಪೆ ಬಡಿಯುವಷ್ಟು ಹೊತ್ತಿನ ಲಾಭ. ಡಿಕ್ಕಿಯಲ್ಲಿ ಅರ್ಧ ಮೂಟೆ ಅಕ್ಕಿ ಇದ್ದರೆ ಅದನ್ನು ಮನೆಯಲ್ಲಿ ಇಳಿಸಿ ಬಂದರೂ ಇಷ್ಟೇ ಲಾಭ, ಅದೂ ಪುಕ್ಕಟೆಯಾಗಿ.

ಈ ಲೆಕ್ಕದಲ್ಲಿ ಇನ್ನೊಂದು ಸ್ವಾರಸ್ಯವಿದೆ. ಟೈರು ಚಕ್ರಕ್ಕಿಂತ ಹೊರಗಿದೆ. ಆದ್ದರಿಂದ ಟೈರಿನಲ್ಲಿ ಉಳಿಸಿದ 1 ಕೆ.ಜಿ. ಸುಮಾರು 1.7ರಿಂದ 1.8 ಕೆ.ಜಿ. ಉಳಿಸಿದಂತೆ. ಚಕ್ರದ ತೂಕವನ್ನು ಗ್ರಾಂ ಲೆಕ್ಕದಲ್ಲಿ ಕೇಳುವವರು ಟೈರಿನ ತೂಕವನ್ನು ಕೇಳುವುದೇ ಇಲ್ಲ! ಹಗುರವಾದ ಚಕ್ರ ಕೊಂಡು ಅದಕ್ಕೆ ಅಗಲವಾದ ಭಾರದ ಟೈರು ಹಾಕಿದರೆ ಇಲ್ಲಿ ಉಳಿಸಿದ್ದು ಅಲ್ಲಿ ಹೋಗುತ್ತದೆ. ತಕ್ಕಡಿಗೆ ಹಾಕಬೇಕಾದದ್ದು ಎರಡನ್ನೂ ಒಟ್ಟಿಗೆ.

ಹಾಗಾದರೆ ಹಗುರ ಚಕ್ರ ಯಾಕೆ?

ಲಾಭ ಇಷ್ಟು ಕಡಿಮೆಯಾದರೆ ಹಗುರ ಚಕ್ರಕ್ಕೆ ಇಷ್ಟೊಂದು ಬೆಲೆ ಯಾಕೆ? ನಿಜವಾದ ಲಾಭ ಇರುವುದು ಬೇರೆ ಕಡೆ, ಅಂದರೆ ರಸ್ತೆಯ ಉಬ್ಬುತಗ್ಗಿನ ಮೇಲೆ.

ಕಾರಿನ ತೂಕದಲ್ಲಿ ಎರಡು ಭಾಗ. ಸ್ಪ್ರಿಂಗ್‌ಗಳ ಮೇಲೆ ಕುಳಿತ ಭಾಗ ಒಂದು. ಮೈಕಟ್ಟು, ಎಂಜಿನ್, ಪ್ರಯಾಣಿಕರು ಎಲ್ಲ ಇದರಲ್ಲಿ ಸೇರುತ್ತಾರೆ. ಚಕ್ರ, ಟೈರು, ಬ್ರೇಕಿನ ಡಿಸ್ಕ್ ಮುಂತಾದವು ಸ್ಪ್ರಿಂಗ್‌ನ ಕೆಳಗಿನ ಭಾಗ. ಚಕ್ರ ಒಂದು ಉಬ್ಬನ್ನು ಹತ್ತಿದಾಗ ಮೇಲಕ್ಕೆ ಚಿಮ್ಮುತ್ತದೆ. ಸ್ಪ್ರಿಂಗ್ ಅದನ್ನು ಮತ್ತೆ ಕೆಳಕ್ಕೆ ಒತ್ತಬೇಕು. ಚಕ್ರ ಭಾರವಿದ್ದಷ್ಟೂ ಅದರ ಜಡತ್ವ ಹೆಚ್ಚು. ಹಿಂದಿರುಗಿ ಬರುವುದು ನಿಧಾನ. ಉಬ್ಬು ದಾಟಿದ ಚಕ್ರ ಟೈರಿನ ಮೇಲೆ ಚೆಂಡಿನಂತೆ ಸೆಕೆಂಡಿಗೆ ಹತ್ತು ಹದಿನೈದು ಸಲ ಅದುರುತ್ತದೆ. ಗಂಟೆಗೆ 72 ಕಿ.ಮೀ. ಎಂದರೆ ಸೆಕೆಂಡಿಗೆ 20 ಮೀಟರ್. ಒಂದೊಂದು ಅದುರಿಗೂ ಕಾರು ಒಂದೂವರೆ ಮೀಟರಿನಷ್ಟು ಮುಂದೆ ಹೋಗಿರುತ್ತದೆ. ಆ ಅದುರಿನಲ್ಲಿ ಟೈರು ರಸ್ತೆಯನ್ನು ಒಮ್ಮೆ ಬಿಗಿಯಾಗಿ ಒತ್ತುತ್ತದೆ, ಒಮ್ಮೆ ಸಡಿಲವಾಗಿ. ಸಡಿಲವಾದ ಗಳಿಗೆಯಲ್ಲಿ ಬ್ರೇಕ್ ಒತ್ತಿದರೂ ಸ್ಟೀರಿಂಗ್ ತಿರುಗಿಸಿದರೂ ಹಿಡಿತ ಸಾಲದು. ಚಕ್ರ ಹಗುರವಾದರೆ ಈ ಸಡಿಲ ಗಳಿಗೆಗಳು ಕಡಿಮೆಯಾಗುತ್ತವೆ.

ಹಗುರ ಚಕ್ರದ ಗುಣ ಓಟಕ್ಕಿಂತ ಹೆಚ್ಚಾಗಿ ಹಿಡಿತದಲ್ಲಿದೆ. ಈ ಮಾತು ಮನಸ್ಸಿನಲ್ಲಿದ್ದರೆ ಕೊಳ್ಳುವಾಗ ದಾರಿ ತಪ್ಪುವುದಿಲ್ಲ. ಯಾಕೆಂದರೆ ಹಿಡಿತ ಕೊಡುವ ಇನ್ನೊಂದು ವಸ್ತು, ಚಕ್ರಕ್ಕಿಂತ ಎಷ್ಟೋ ಪಾಲು ಹೆಚ್ಚು ಕೊಡುವ ವಸ್ತು, ಟೈರು.

ಲೋಹದ ಗುಟ್ಟು

ಮೊದಲು ಚಕ್ರ. ಸಾಧಾರಣ ಚಕ್ರ ಉಕ್ಕಿನದು. ಉಕ್ಕಿನ ಸಾಂದ್ರತೆ ನೀರಿನ 7.85 ಪಟ್ಟು, ಅಲ್ಯೂಮಿನಿಯಂನದು 2.7 ಪಟ್ಟು. ಹಾಗಾದರೆ ಅಲ್ಯೂಮಿನಿಯಂ ಚಕ್ರದ ತೂಕ ಮೂರನೇ ಒಂದು ಪಾಲು ಆಗಬೇಕಲ್ಲ? ಆಗುವುದಿಲ್ಲ. ಅಲ್ಯೂಮಿನಿಯಂನ ಬಿಗಿತವೂ ಉಕ್ಕಿನ ಮೂರನೇ ಒಂದು ಪಾಲು. ಲಾಭ ಬರುವುದು ದಪ್ಪದಿಂದ. ಒಂದೇ ಉದ್ದ, ಒಂದೇ ಅಗಲ, ಒಂದೇ ತೂಕದ ಎರಡು ಪಟ್ಟಿಗಳನ್ನು ತೆಗೆದುಕೊಂಡರೆ ಅಲ್ಯೂಮಿನಿಯಂ ಪಟ್ಟಿ ಸುಮಾರು ಮೂರು ಪಟ್ಟು ದಪ್ಪವಿರುತ್ತದೆ. ಬಾಗುವಿಕೆಯನ್ನು ತಡೆಯುವ ಶಕ್ತಿ ದಪ್ಪದ ಘನದಂತೆ ಏರುತ್ತದೆ. ಹೀಗಾಗಿ ಆ ಪಟ್ಟಿ ಬಾಗಲು ಉಕ್ಕಿನ ಪಟ್ಟಿಗಿಂತ ಸುಮಾರು 8 ಪಟ್ಟು ಹೆಚ್ಚು ಬಲ ಬೇಕು. ಜಾಣ ಎಂಜಿನಿಯರ್ ಈ ಹೆಚ್ಚುವರಿ ಬಿಗಿತದಲ್ಲಿ ಸ್ವಲ್ಪವನ್ನು ಬಿಟ್ಟುಕೊಟ್ಟು ತೂಕ ಇಳಿಸುತ್ತಾನೆ. ಜಾಣತನವಿಲ್ಲದ ಕಡೆ, ನೋಟಕ್ಕಾಗಿ ಲೋಹ ಸುರಿದ ಅಲಾಯ್ ಚಕ್ರ ಉಕ್ಕಿನ ಚಕ್ರದಷ್ಟೇ ಭಾರವಿರುವುದೂ ಉಂಟು. 'ಅಲಾಯ್' ಎಂದೊಡನೆ 'ಹಗುರ' ಎಂದು ತಿಳಿಯಬಾರದು.

ತಯಾರಿಸುವ ವಿಧಾನವೂ ಮುಖ್ಯ. ಕರಗಿದ ಲೋಹವನ್ನು ಅಚ್ಚಿಗೆ ತುಂಬಿಸಿ ಎರಕ ಹೊಯ್ದ ಚಕ್ರ ಎಲ್ಲಕ್ಕಿಂತ ಅಗ್ಗ. ಎರಕದೊಳಗೆ ಸೂಕ್ಷ್ಮ ಗುಳ್ಳೆಗಳು ಉಳಿಯಬಹುದಾದ್ದರಿಂದ ಲೋಹವನ್ನು ಸ್ವಲ್ಪ ದಪ್ಪಗೆ ಇಡಬೇಕಾಗುತ್ತದೆ. ಎರಕ ಹೊಯ್ದ ಮೇಲೆ ಬಿಸಿ ಮಾಡಿ, ತಿರುಗಿಸುತ್ತಾ, ಉರುಳೆಗಳಿಂದ ಒತ್ತಿ ಹೊರಬಳೆಯನ್ನು ತೆಳ್ಳಗೆ ಎಳೆಯುವ ವಿಧಾನ ಎರಡನೆಯದು. ಇದಕ್ಕೆ ಫ್ಲೋ ಫಾರ್ಮಿಂಗ್ ಎನ್ನುತ್ತಾರೆ. ಅಂಚಿನ ತೂಕ ಇಳಿಯುವುದೂ ಬೆಲೆ ವಿಪರೀತ ಏರದಿರುವುದೂ ಇದರ ಅನುಕೂಲ. ಮೂರನೆಯದು ಫೋರ್ಜಿಂಗ್. ಘನ ಲೋಹವನ್ನು ಭಾರಿ ಒತ್ತಡದಲ್ಲಿ ಒತ್ತಿ ಆಕಾರ ಕೊಡುವುದು. ಹೀಗೆ ತಯಾರಾದದ್ದು ಗಟ್ಟಿಯೂ ಹಗುರವೂ ಹೌದು, ದುಬಾರಿಯೂ ಹೌದು. ಹಗುರ, ಗಟ್ಟಿ, ಅಗ್ಗ ಈ ಮೂರೂ ಒಂದೇ ಚಕ್ರದಲ್ಲಿ ಸಿಗುವುದು ಕಷ್ಟ. ಯಾರಾದರೂ ಮೂರನ್ನೂ ಕೊಡುತ್ತೇನೆಂದರೆ ಬಿಟ್ಟುಹೋಗಿರುವುದು ಸಾಮಾನ್ಯವಾಗಿ 'ಗಟ್ಟಿ'.

ಗಟ್ಟಿತನದಲ್ಲಿ ಯಾಕೆ ರಾಜಿ ಕೂಡದು? ಎಂಎಕ್ಸ್-5ರ ಮೂಲ ಟೈರಿನ ಸುತ್ತಳತೆ ಸುಮಾರು 1.8 ಮೀಟರ್. ಒಂದು ಕಿಲೋಮೀಟರಿಗೆ ಚಕ್ರ 550 ಸುತ್ತು ಸುತ್ತುತ್ತದೆ. 50,000 ಕಿ.ಮೀ. ಓಡುವಷ್ಟರಲ್ಲಿ ಎರಡೂ ಮುಕ್ಕಾಲು ಕೋಟಿ ಸುತ್ತು! ಒಂದೊಂದು ಸುತ್ತಿಗೂ ಚಕ್ರದ ಪ್ರತಿ ಕಡ್ಡಿ ಒಮ್ಮೆ ಭಾರ ಹೊರುತ್ತದೆ, ಒಮ್ಮೆ ಇಳಿಸುತ್ತದೆ. ತಂತಿಯನ್ನು ಮತ್ತೆ ಮತ್ತೆ ಬಗ್ಗಿಸಿದರೆ ತುಂಡಾಗುವಂತೆ ಲೋಹವೂ ದಣಿಯುತ್ತದೆ. ಸಣ್ಣ ಬಿರುಕು ಬೆಳೆದು ಒಂದು ದಿನ ಮುನ್ಸೂಚನೆಯಿಲ್ಲದೆ ಮುರಿಯುತ್ತದೆ.

ಇದಕ್ಕಾಗಿ ಜಪಾನಿನಲ್ಲಿ ಹಗುರ ಮಿಶ್ರಲೋಹದ ಚಕ್ರಗಳಿಗೆ ಜೆಡಬ್ಲ್ಯುಎಲ್ ಎಂಬ ಮಾನದಂಡವಿದೆ. ತಿರುಗಿಸುತ್ತಾ ಬಗ್ಗಿಸುವ ಪರೀಕ್ಷೆ, ಭಾರ ಹೊರಿಸಿ ಉರುಳಿಸುವ ಪರೀಕ್ಷೆ, ಹೊಡೆತದ ಪರೀಕ್ಷೆ ಇವು ಮೂರೂ ಅದರಲ್ಲಿವೆ. ಮಾನದಂಡ ಮುಟ್ಟಿದೆ ಎಂದು ತಯಾರಕರು ತಾವೇ ಹಾಕುವ ಗುರುತು ಜೆಡಬ್ಲ್ಯುಎಲ್. ಹೊರಗಿನ ಸಂಸ್ಥೆ ಪರೀಕ್ಷಿಸಿದ ಚಕ್ರಗಳಿಗೆ ವಿಐಎ ಎಂಬ ಗುರುತೂ ಇರುತ್ತದೆ. ಚಕ್ರದ ಹಿಂಬದಿಯಲ್ಲಿ ಅದು ಹೊರಬಲ್ಲ ಗರಿಷ್ಠ ಭಾರವನ್ನೂ ಬರೆದಿರುವುದುಂಟು. ಕಾರಿನ ಯಾವ ಆಕ್ಸಲ್ ಮೇಲೆ ಹೆಚ್ಚು ಭಾರವೋ ಅದರ ಅರ್ಧಕ್ಕಿಂತ ಈ ಸಂಖ್ಯೆ ಕಡಿಮೆ ಇರಕೂಡದು. ಇಂಥ ಯಾವ ಗುರುತೂ ಇಲ್ಲದ ಚಕ್ರ ಎಷ್ಟೇ ಅಗ್ಗವಾಗಿದ್ದರೂ ಅಂಗಡಿಯಲ್ಲೇ ಇರಲಿ. ಹಾಗೆಯೇ ಬಿರುಕು ಬಿಟ್ಟು ವೆಲ್ಡ್ ಮಾಡಿದ ಹಳೆಯ ಚಕ್ರ. ವೆಲ್ಡಿಂಗ್‌ನ ಬಿಸಿಗೆ ಅಕ್ಕಪಕ್ಕದ ಲೋಹ ತನ್ನ ಹದ ಕಳೆದುಕೊಂಡಿರುತ್ತದೆ. ಮೇಲಿನ ಬಣ್ಣ ಅದನ್ನು ಮುಚ್ಚಿರುತ್ತದೆ.

ಇರುವುದನ್ನು ಮೊದಲು ತೂಗಿ

ಅಗ್ಗದ ದಾರಿ ಯಾವುದು? ಮೊದಲ ಹೆಜ್ಜೆಗೆ ಖರ್ಚೇ ಇಲ್ಲ. ಕಾರಿನಲ್ಲಿ ಈಗ ಇರುವ ಚಕ್ರವನ್ನು ಬಿಚ್ಚಿ ತೂಗುವುದು. 1989ರ ಎಂಎಕ್ಸ್-5ಕ್ಕೆ ಬಂದ 14 ಅಂಗುಲದ ಅಲಾಯ್ ಚಕ್ರ ಸುಮಾರು ಐದೂವರೆ ಕೆ.ಜಿ. ಮಾತ್ರ. ಅದನ್ನು ತೆಗೆದುಹಾಕಿ, ನೋಡಲು ಚೆಂದವೆಂದು 16 ಅಥವಾ 17 ಅಂಗುಲದ ಎರಕದ ಚಕ್ರ ಹಾಕಿಸಿದವರು ಹಣ ಕೊಟ್ಟು ತೂಕ ಕೊಂಡಂತಾಯಿತು. ದೊಡ್ಡ ಚಕ್ರದಲ್ಲಿ ಲೋಹವೂ ಹೆಚ್ಚು, ಅದು ಕೇಂದ್ರದಿಂದ ದೂರವೂ ಹೌದು. ಬಳೆಯ ಕಡೆಗೆ ಒಂದು ಹೆಜ್ಜೆ ಇಟ್ಟಂತೆ!

ಎರಡನೆಯದು, ಬ್ರೇಕ್‌ಗೆ ಜಾಗ ಸಾಲುವಷ್ಟು ಚಿಕ್ಕ ಚಕ್ರವನ್ನೇ ಆರಿಸುವುದು. ಚಿಕ್ಕ ಚಕ್ರವೂ ಅಗ್ಗ, ಅದರ ಟೈರೂ ಅಗ್ಗ. ಹಳೆಯ ಎಂಎಕ್ಸ್-5 ಕಾರುಗಳಿಗಾಗಿಯೇ ಅಮೆರಿಕದಲ್ಲಿ ಸ್ಪೆಕ್ ಮಿಯಾಟಾ ಎಂಬ ಓಟದ ವಿಭಾಗವಿದೆ. ಅದರಲ್ಲಿ ಚಕ್ರದ ಅಳತೆ 15 ಅಂಗುಲ ವ್ಯಾಸ, 7 ಅಂಗುಲ ಅಗಲ. ಚಕ್ರ 13 ಪೌಂಡ್, ಅಂದರೆ ಸುಮಾರು 5.9 ಕೆ.ಜಿ.ಗಿಂತ ಹಗುರ ಇರಕೂಡದೆಂದೂ ನಿಯಮವಿದೆ. ಇಂಥ ನಿಯಮವಿದ್ದರೆ ಹಣವಂತ ಗ್ರಾಂ ಲೆಕ್ಕದಲ್ಲಿ ದುಡ್ಡು ಸುರಿದು ಗೆಲ್ಲಲಾರ. ಗೆಲುವು ಚಾಲಕನ ಕೈಯಲ್ಲಿ ಉಳಿಯುತ್ತದೆ.

ಮೂರನೆಯದು ಹೊಂದಾಣಿಕೆ. ಈ ಕಾರಿನ ಚಕ್ರಕ್ಕೆ ನಾಲ್ಕು ಬೋಲ್ಟುಗಳು. ಅವು 100 ಮಿ.ಮೀ. ವ್ಯಾಸದ ವೃತ್ತದ ಮೇಲಿವೆ. ನಡುವಿನ ರಂಧ್ರ 54.1 ಮಿ.ಮೀ. ಚಕ್ರದ ರಂಧ್ರ ಇದಕ್ಕಿಂತ ದೊಡ್ಡದಿದ್ದರೆ ನಡುವೆ ಸರಿಯಾದ ಅಳತೆಯ ಉಂಗುರ ಕೂರಿಸಬೇಕು. ಇಲ್ಲವಾದರೆ ಚಕ್ರ ನಡುವಿಗೆ ಸರಿಯಾಗಿ ಕೂರದೆ ಸ್ಟೀರಿಂಗ್ ನಡುಗಬಹುದು. ಇನ್ನೊಂದು ಆಫ್‌ಸೆಟ್, ಅಂದರೆ ಚಕ್ರವನ್ನು ಹಬ್‌ಗೆ ಕೂರಿಸುವ ಮುಖ ಚಕ್ರದ ಅಗಲದ ನಟ್ಟನಡುವಿನಿಂದ ಎಷ್ಟು ಸರಿದಿದೆ ಎಂಬ ಅಳತೆ. ಇದು ತಪ್ಪಿದರೆ ಟೈರು ಒಳಗೆ ಸಸ್ಪೆನ್ಷನ್‌ಗೆ ಉಜ್ಜುತ್ತದೆ, ಇಲ್ಲವೇ ಹೊರಗೆ ಮಡ್‌ಗಾರ್ಡಿಗೆ. ನಟ್ಟಿನ ಮೂತಿ ಶಂಕುವಿನಂತಿದೆಯೇ, ಗೋಳದಂತಿದೆಯೇ ಎಂಬುದನ್ನೂ ಹೊಂದಿಸಬೇಕು. ನಟ್ಟುಗಳನ್ನು ಅಳತೆಯ ಸ್ಪ್ಯಾನರಿನಿಂದ ಬಿಗಿದು, ಐವತ್ತು ನೂರು ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ನೋಡಬೇಕು.

ಟೈರಿನ ಪಕ್ಕದ ಬರಹ

ಈಗ ಟೈರು. ಟೈರಿನ ಪಕ್ಕದಲ್ಲಿ '185/60 ಆರ್ 14 82 ಎಚ್' ಎಂಬಂಥ ಬರಹವಿರುತ್ತದೆ. 185 ಎಂದರೆ ಅಗಲ, ಮಿಲಿಮೀಟರಿನಲ್ಲಿ. 60 ಎಂದರೆ ಪಕ್ಕೆಯ ಎತ್ತರ ಅಗಲದ ನೂರಕ್ಕೆ 60 ಪಾಲು, ಅಂದರೆ 111 ಮಿ.ಮೀ. 'ಆರ್' ಎಂದರೆ ರೇಡಿಯಲ್. 14 ಎಂದರೆ ಚಕ್ರದ ವ್ಯಾಸ, ಅಂಗುಲದಲ್ಲಿ. 82 ಭಾರದ ಸಂಕೇತ. ಒಂದು ಟೈರು 475 ಕೆ.ಜಿ. ಹೊರಬಲ್ಲದು. 'ಎಚ್' ಎಂದರೆ ಗಂಟೆಗೆ 210 ಕಿ.ಮೀ. ವೇಗದವರೆಗೆ ತಾಳಬಲ್ಲದು.

ಈಗ ಟೈರಿನ ಒಟ್ಟು ವ್ಯಾಸ ಎಷ್ಟು? 14 ಅಂಗುಲ ಎಂದರೆ 355.6 ಮಿ.ಮೀ.; ಮೇಲೆ ಕೆಳಗೆ ಎರಡು ಪಕ್ಕೆಗಳು ಸೇರಿ 222; ಒಟ್ಟು ಸುಮಾರು 578 ಮಿ.ಮೀ. 15 ಅಂಗುಲದ ಚಕ್ರಕ್ಕೆ ಬದಲಾಯಿಸುವವರು 195/50 ಟೈರು ಹಾಕಿದರೆ ಎಷ್ಟಾಗುತ್ತದೆ? 381 ಮತ್ತು 195 ಸೇರಿ 576. ಎರಡೇ ಮಿಲಿಮೀಟರ್ ವ್ಯತ್ಯಾಸ. ಸ್ಪೀಡೋಮೀಟರ್ ಸುಳ್ಳು ಹೇಳುವುದಿಲ್ಲ. ಅದೇ 17 ಅಂಗುಲಕ್ಕೆ 205/40 ಹಾಕಿದರೆ 596 ಮಿ.ಮೀ. ಆಗಿ ನೂರಕ್ಕೆ ಮೂರರಷ್ಟು ಬೆಳೆಯುತ್ತದೆ. ಜೊತೆಗೆ ಪಕ್ಕೆಯ ಎತ್ತರ 111ರಿಂದ 82 ಮಿ.ಮೀ.ಗೆ ಇಳಿಯುತ್ತದೆ. ಹಳ್ಳಕ್ಕೆ ಬಿದ್ದಾಗ ಹೊಡೆತ ನುಂಗುವ ರಬ್ಬರು ಮತ್ತು ಗಾಳಿಯ ಮೆತ್ತೆ ಅಷ್ಟು ತೆಳ್ಳಗಾದಂತೆ. ಏಳನೇ ತರಗತಿಯ ಗಣಿತ ಸಾಕು. ಕ್ಯಾಲ್ಕುಲೇಟರ್ ಕೂಡ ಬೇಡ.

ಟೈರಿನ ಮುಖ್ಯ ಗುಣ ಹಿಡಿತ. ಅದನ್ನು ಘರ್ಷಣಾಂಕದಿಂದ ಅಳೆಯಬಹುದು. ಬ್ರೇಕ್ ಒತ್ತಿದ ಮೇಲೆ ಕಾರು ಸಾಗುವ ದೂರವನ್ನು ತಿಳಿಯಲು ವೇಗದ ವರ್ಗವನ್ನು ಘರ್ಷಣಾಂಕ ಮತ್ತು ಗುರುತ್ವವೇಗೋತ್ಕರ್ಷಗಳ ಗುಣಲಬ್ಧದ ಎರಡರಷ್ಟರಿಂದ ಭಾಗಿಸಬೇಕು. ಗಂಟೆಗೆ 80 ಕಿ.ಮೀ. ವೇಗದಲ್ಲಿ ಘರ್ಷಣಾಂಕ 0.9 ಇದ್ದರೆ ಕಾರು 28 ಮೀಟರಿನಲ್ಲಿ ನಿಲ್ಲುತ್ತದೆ. 0.7 ಇದ್ದರೆ 36 ಮೀಟರ್ ಬೇಕು. ವ್ಯತ್ಯಾಸ 8 ಮೀಟರ್, ಅಂದರೆ ಎಂಎಕ್ಸ್-5ರ ಎರಡು ಕಾರುಗಳ ಉದ್ದ. ರಸ್ತೆ ದಾಟುತ್ತಿರುವ ಮಗು 30ನೇ ಮೀಟರಿನಲ್ಲಿದ್ದರೆ? ಒಂದು ಟೈರು ಮಗುವಿನ ಮುಂದೆ ನಿಲ್ಲುತ್ತದೆ, ಇನ್ನೊಂದು ನಿಲ್ಲುವುದಿಲ್ಲ. ಹಗುರ ಚಕ್ರ ಕೊಟ್ಟ ಹತ್ತರಲ್ಲೊಂದು ಸೆಕೆಂಡಿನ ಪಕ್ಕದಲ್ಲಿ ಈ 8 ಮೀಟರನ್ನು ಇಟ್ಟು ನೋಡಿದರೆ ಹಣವನ್ನು ಎಲ್ಲಿ ಹಾಕಬೇಕೆಂಬುದು ತಾನೇ ತಿಳಿಯುತ್ತದೆ.

ಘರ್ಷಣೆ ತಗಲುವ ಕ್ಷೇತ್ರವನ್ನು ಅವಲಂಬಿಸುವುದಿಲ್ಲ ಎಂದು ಪಠ್ಯಪುಸ್ತಕ ಹೇಳುತ್ತದೆ. ಹಾಗಾದರೆ ಅಗಲ ಟೈರು ಯಾಕೆ? ಮರ, ಕಲ್ಲು, ಲೋಹಗಳಿಗೆ ಆ ನಿಯಮ ಹೆಚ್ಚುಕಡಿಮೆ ಸರಿ. ರಬ್ಬರು ಮಾತ್ರ ಅದಕ್ಕೆ ಪೂರ್ತಿ ಬಗ್ಗುವುದಿಲ್ಲ. ರಬ್ಬರಿನ ಮೇಲೆ ಒತ್ತಡ ಹೆಚ್ಚಿದಂತೆ ಅದರ ಘರ್ಷಣಾಂಕ ಸ್ವಲ್ಪ ಇಳಿಯುತ್ತದೆ. ಭಾರವನ್ನು ಅಗಲವಾಗಿ ಹರಡಿದರೆ ಒಣ ರಸ್ತೆಯಲ್ಲಿ ಹಿಡಿತ ಕೊಂಚ ಹೆಚ್ಚುತ್ತದೆ. ಆದರೆ ನಿಂತ ನೀರಿನ ಮೇಲೆ ಅಗಲ ಟೈರು ಬೇಗ ತೇಲುತ್ತದೆ. ಮಳೆಯಲ್ಲಿ ಓಡಿಸುವವರಿಗೆ ಅತಿ ಅಗಲ ಒಳ್ಳೆಯದಲ್ಲ. ಅಗಲಕ್ಕಿಂತ ಮುಖ್ಯ ರಬ್ಬರಿನ ಹದ. ಅಮೆರಿಕದಲ್ಲಿ ಮಾರುವ ಟೈರುಗಳ ಮೇಲೆ ಟ್ರೆಡ್‌ವೇರ್ ಎಂಬ ಸಂಖ್ಯೆ ಇರುತ್ತದೆ. 200 ಎಂಬುದು ಮೆತ್ತನೆಯ, ಹಿಡಿತ ಹೆಚ್ಚಿರುವ, ಬೇಗ ಸವೆಯುವ ಟೈರು. 400, 500 ಎಂದರೆ ಹೆಚ್ಚು ಬಾಳಿಕೆಯದು. ಯುರೋಪಿನಲ್ಲಿ ಒದ್ದೆ ರಸ್ತೆಯ ಹಿಡಿತಕ್ಕೆ ಎ ಯಿಂದ ಇ ವರೆಗೆ ದರ್ಜೆಯ ಚೀಟಿ ಅಂಟಿಸುತ್ತಾರೆ. ದಿನವೂ ಓಡಿಸುವ ಕಾರಿಗೆ ಒದ್ದೆ ರಸ್ತೆಯ ದರ್ಜೆಯೇ ಮೊದಲ ಮಾತು.

ಟೈರಿನ ವಯಸ್ಸನ್ನೂ ಓದಬಹುದು. ಪಕ್ಕದಲ್ಲಿ ಒಂದು ಅಂಡಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿಗಳಿರುತ್ತವೆ. 2319 ಎಂದರೆ 2019ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು. ಓಡದೆ ಗೋದಾಮಿನಲ್ಲಿದ್ದರೂ ರಬ್ಬರು ಗಟ್ಟಿಯಾಗುತ್ತದೆ, ಹಿಡಿತ ಕಳೆದುಕೊಳ್ಳುತ್ತದೆ. 'ಹೊಚ್ಚ ಹೊಸದು, ಅರ್ಧ ಬೆಲೆ' ಎಂದವರ ಟೈರಿನಲ್ಲಿ ಮೊದಲು ಓದಬೇಕಾದದ್ದು ಈ ಅಂಕಿಗಳನ್ನು. ಟ್ರೆಡ್‌ನ ಆಳ 1.6 ಮಿ.ಮೀ.ಗೆ ಇಳಿದರೆ ಕಾನೂನಿನ ಪ್ರಕಾರ ಕಾರಿನ ಟೈರಿನ ಆಯಸ್ಸು ಮುಗಿಯಿತು.

ಚಕ್ರ ಎಷ್ಟೇ ಶ್ರೇಷ್ಠವಾಗಿದ್ದರೂ ಟೈರು ಕೈಕೊಟ್ಟರೆ ಏನಾಗುತ್ತದೆಂಬುದಕ್ಕೆ ನೂರು ವರ್ಷದ ಹಿಂದಿನ ನಿದರ್ಶನವಿದೆ. 1924ರಲ್ಲಿ ಫ್ರಾನ್ಸಿನ ಲಿಯೋನ್ ನಗರದ ಬಳಿ ನಡೆದ ಗ್ರಾಂ ಪ್ರಿ ಓಟಕ್ಕೆ ಬುಗಾಟಿ ಕಂಪನಿ ಟೈಪ್ 35 ಎಂಬ ಹೊಸ ಕಾರನ್ನು ತಂದಿತು. ಕಡ್ಡಿಗಳ ಸಮೇತ ಅಲ್ಯೂಮಿನಿಯಂನಲ್ಲಿ ಎರಕ ಹೊಯ್ದ ಅದರ ಚಕ್ರಗಳು ಆ ಕಾಲದ ಅಚ್ಚರಿ. ಆದರೆ ಅಂದು ಟೈರುಗಳ ತೊಂದರೆ ಆ ಕಾರುಗಳನ್ನು ಕಾಡಿತು, ಗೆಲುವು ದಕ್ಕಲಿಲ್ಲ. ಟೈರಿನ ಸಮಸ್ಯೆ ಬಗೆಹರಿದ ಮೇಲೆ ಅದೇ ಕಾರು, ಅದೇ ಬಗೆಯ ಚಕ್ರಗಳಲ್ಲಿ, ಆ ದಶಕದ ಅತ್ಯಂತ ಯಶಸ್ವಿ ಓಟದ ಕಾರುಗಳಲ್ಲಿ ಒಂದಾಯಿತು.

ಮನೆಯ ಕಾರಿಗೂ ಇದೇ ಲೆಕ್ಕ

ಸ್ಪೋರ್ಟ್ಸ್ ಕಾರು ಎಲ್ಲರ ಮನೆಯಲ್ಲಿರುವುದಿಲ್ಲ. ಆದರೆ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳ ಮುಂದೆ ಹೊಳೆಯುವ ಚಕ್ರಗಳನ್ನು ನೋಡುತ್ತಾ ನಿಲ್ಲುವ ಹುಡುಗರಿಗೆ ಕೊರತೆಯಿಲ್ಲ. ಮನೆಯ ಸಣ್ಣ ಕಾರಿಗೆ ದೊಡ್ಡ ಚಕ್ರ ಹಾಕಿಸೋಣವೆಂದು ಮಗ, ದುಡ್ಡು ದಂಡ ಎಂದು ಅಪ್ಪ. ಇಬ್ಬರೂ ಜಗಳಕ್ಕೆ ಮೊದಲು ಒಂದು ಕಾಗದ, ಒಂದು ತಕ್ಕಡಿ ಇಟ್ಟುಕೊಂಡು ಕೂರುವುದು ಒಳ್ಳೆಯದು. ಹಳೆಯ ಚಕ್ರದ ತೂಕವೆಷ್ಟು, ಹೊಸದರದ್ದೆಷ್ಟು? ಟೈರಿನ ವ್ಯಾಸ ಹೊಂದುತ್ತದೆಯೇ? ಭಾರದ ಸಂಕೇತ ಮೊದಲಿಗಿಂತ ಕಡಿಮೆಯಾಗಿಲ್ಲವಷ್ಟೆ? ಟೈರಿನ ಮೇಲೆ ಐಎಸ್ಐ ಗುರುತಿದೆಯೇ? ತಯಾರಕರು ಹೇಳಿದ ಅಳತೆಯನ್ನು ಮೀರಿ ಮಾರ್ಪಾಟು ಮಾಡಿದರೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಅಡ್ಡ ಬರಬಹುದು, ವಿಮೆಯವರೂ ತಕರಾರು ತೆಗೆಯಬಹುದು. ಕಾರಿನ ಚಾಲಕನ ಬಾಗಿಲ ಬಳಿ ಅಂಟಿಸಿದ ಚೀಟಿಯಲ್ಲಿ ಅಥವಾ ಕೈಪಿಡಿಯಲ್ಲಿ ಒಪ್ಪಿಗೆಯ ಅಳತೆಗಳೂ ಗಾಳಿಯ ಒತ್ತಡವೂ ಇರುತ್ತವೆ. ಅದನ್ನು ಓದಲು ಖರ್ಚಿಲ್ಲ.

ಹಣ ಮಿತವಾಗಿದ್ದರೆ ಖರ್ಚಿನ ಸರದಿ ಹೀಗಿರಲಿ. ಮೊದಲು ಈಗಿರುವ ಚಕ್ರಕ್ಕೇ ಒಳ್ಳೆಯ, ಹೊಸ ತಾರೀಖಿನ ಟೈರು ಮತ್ತು ಸರಿಯಾದ ಗಾಳಿ. ಆಮೇಲೆ ಚಕ್ರಗಳ ಸಮತೋಲ ಮತ್ತು ಅಲೈನ್‌ಮೆಂಟ್. ಇನ್ನೂ ಹಣ ಉಳಿದರೆ, ಪರೀಕ್ಷೆಯ ಗುರುತಿರುವ, ಮೂಲ ಅಳತೆಗೆ ಹತ್ತಿರದ, ನಿಜವಾಗಿಯೂ ಹಗುರವಾದ ಚಕ್ರ. ಉಳಿತಾಯ ಮಾಡಬೇಕಾದದ್ದು ವ್ಯಾಸದಲ್ಲಿ, ಬಣ್ಣದಲ್ಲಿ, ಹೊಳಪಿನಲ್ಲಿ. ರಬ್ಬರಿನಲ್ಲಿ ಅಲ್ಲ, ಗಟ್ಟಿತನದಲ್ಲಿ ಅಲ್ಲ. ಕಾರು ಎಷ್ಟು ದೊಡ್ಡದಾದರೂ ಒಂದೊಂದು ಟೈರು ರಸ್ತೆಗೆ ತಗಲುವ ಜಾಗ ಸುಮಾರು ಒಂದು ಅಂಗೈಯಷ್ಟು ಮಾತ್ರ. ಒಳಗೆ ಕುಳಿತವರೆಲ್ಲರ ಭಾರವನ್ನು ಹೊತ್ತಿರುವುದು ಆ ನಾಲ್ಕು ಅಂಗೈಗಳು.